ಬಂಡೆಸಾಲಿನಲ್ಲಿ ಬಿಟ್ಟು ಬಂದವಳು

ಶಮ್‌ಶಾದಕ್ಕ ನನ್ನನ್ನು ನೀರಿನಡಿ ಬಿಟ್ಟು ಹೋಗಲಿಲ್ಲ — ಬಿಟ್ಟು ಹೋದವಳು ನಾನು. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಆಕೆ ಹುಲಗೂರಿನವಳು, ನಾನು ತಿಳವಳ್ಳಿಯವಳು. ಆಸ್ಟ್ರೇಲಿಯಾದ ದಕ್ಷಿಣ ತೀರದ ಒಂದು ಊರಿನ ಆಸ್ಪತ್ರೆಯಲ್ಲಿ ಇಬ್ಬರೂ ನರ್ಸ್ ಆಗಿದ್ದೆವು. ನಲವತ್ತು ದಾಟಿದ ಮೇಲೆ ಡೈವಿಂಗ್ ಕಲಿಯುವ ಹುಚ್ಚು ಹಿಡಿಸಿದವಳು ಆಕೆಯೇ. "ಬಾವ್ಯಾಗ ಈಜಿದಾಕಿ ನೀನು, ಸಮುದ್ರಕ್ಕ ಯಾಕ ಅಂಜ್ತಿ?" ಎಂದು ನಗುತ್ತಿದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ದಂಡೆಯಿಂದಲೇ ನೀರಿಗೆ ನಡೆದು ಹೋಗುತ್ತಿದ್ದೆವು. ಹೆಚ್ಚು ಆಳವಿಲ್ಲ — ಆರೇಳು ಮೀಟರ್. ಮೈ ಕೊರೆಯುವ ತಣ್ಣೀರು, ಬಂಡೆಸಾಲಿನ ಮೇಲೆ ಓಲಾಡುವ ಕಂದು ಪಾಚಿ. ಜೊತೆಗಾರ್ತಿಯನ್ನು ಎಂದೂ ಕಣ್ಣಿನಿಂದ ಮರೆಯಾಗಲು ಬಿಡಬಾರದು — ಕಲಿಸುವಾಕೆ ಮೊದಲ ದಿನವೇ ಹೇಳಿದ್ದ ಮಾತು ಅದು.

ಆ ದಿನ ಬಂಡೆಯ ಸಂದಿಯಲ್ಲಿ ಒಂದು ಆಕ್ಟೋಪಸ್ ಕಂಡಿತು, ಕ್ಷಣಕ್ಕೊಂದು ಬಣ್ಣ. ಹಿಂದಿನಿಂದ ಅಕ್ಕ ಸಿಲಿಂಡರ್ ಬಡಿದು ಕರೆದಳು. ಕೇಳಿಸಿತು — ಹೌದು, ಚೆನ್ನಾಗಿಯೇ ಕೇಳಿಸಿತು. ಇನ್ನೊಂದು ಗಳಿಗೆ ಎಂದುಕೊಂಡು ಅದರ ಬೆನ್ನು ಹತ್ತಿದೆ. ತಿರುಗಿದಾಗ ಬರೀ ಪಾಚಿ. ಹೆದರಿಕೆಯಾಯಿತು. ಹುಡುಕಲಿಲ್ಲ, ಮೇಲೆದ್ದು ದಂಡೆಗೆ ಬಂದು ಕಲ್ಲುಗಳ ಮರೆಯಲ್ಲಿ ಕುಳಿತೆ.

ಆಕೆ ಹುಡುಕಿದಳು. ಮೇಲೆ ಬಂದು, ನಾನು ಕಾಣದೆ, ಕಿವಿಯ ಒತ್ತಡ ಸರಿಮಾಡಿಕೊಳ್ಳುವಷ್ಟೂ ತಾಳದೆ ಮತ್ತೆ ಮುಳುಗಿದಳು. ದಂಡೆಯ ಇನ್ನೊಂದು ತುದಿಯಲ್ಲಿದ್ದ ಕಲಿಸುವಾಕೆ ಓಡಿ ಬಂದು ನೀರಿನಿಂದ ಎಳೆದು ತಂದಾಗ ಎಡಗಿವಿಯಿಂದ ರಕ್ತ.

ಯಾರು ಯಾರನ್ನು ಬಿಟ್ಟದ್ದು ಎಂದು ಕಲಿಸುವಾಕೆ ಕೇಳಿದಳು. ನಾನೇ ಮೊದಲು ಬಾಯಿಬಿಟ್ಟೆ — "ಅಕ್ಕ ಬಿಟ್ಟು ಹೋದಳು."

ತಲೆ ತಿರುಗಿ ಕುಳಿತಿದ್ದ ಅಕ್ಕ ನನ್ನ ಮುಖ ನೋಡಿದಳು. ಕರೆದ ಮೇಲೆ ತಾನೇ ತಿರುಗಿ ನೋಡದೆ ಹೋದೆನೇನೋ ಎಂದು, ತನ್ನನ್ನಲ್ಲ, ನನ್ನನ್ನೇ ನಂಬಿದಳು.

ಕಿವಿ ಪೂರ್ತಿ ಸರಿಹೋಗಲಿಲ್ಲ. ಇಷ್ಟು ವಾಸಿಯಾದರೆ ಸಾಕು, ಮತ್ತೆ ನೀರಿಗಿಳಿಯಬಹುದೆಂದು ಡಾಕ್ಟರು ಹೇಳಿದರೂ ಇಳಿಯಲಿಲ್ಲ. "ನನ್ನ ನಂಬಿ ಯಾರೂ ಬರೂದು ಬ್ಯಾಡ," ಎಂದಳು. ಮುಂದಿನ ವರ್ಷ ಊರಿಗೆ ಮರಳಿದಳು. ನಾನು ಆಗಲೂ —

ಕಳೆದ ತಿಂಗಳು ರಜೆಗೆ ಬಂದಾಗ ಹುಲಗೂರಿಗೆ ಹೋದೆ. ಅಕ್ಕ ನನ್ನನ್ನು ತನ್ನ ನಾದಿನಿಗೆ ತೋರಿಸಿದಳು: "ಸಮುದ್ರದಾಗ ಈಕಿನ್ನ ಒಬ್ಬಾಕಿನ್ನ ಬಿಟ್ಟು ಹೋಗಿದ್ನಿ. ಆದ್ರೂ ನನ್ನ ಮರತಿಲ್ಲ ನೋಡು."

ನಾದಿನಿಯ ಎದುರಿಗೇ ಹೇಳಿದೆ. "ಇಲ್ಲಕ್ಕ. ಬಿಟ್ಟಾಕಿ ನಾನು. ನೀ ಕರದದ್ದು ನನಗ ಕೇಳಿಸಿತ್ತು."

ಅಕ್ಕ ಸಿಟ್ಟಾಗಲಿಲ್ಲ, ಆಗಿದ್ದರೆ ಸುಲಭವಿತ್ತು. "ಆರು ವರ್ಷ ದಿನಾ ನಮಾಜ್ ಮುಗಿಸಿ ಮಾಫಿ ಬೇಡ್ಕೊಂಡೇನಿ, ತಂಗಿ," ಎಂದಳು. "ಎದಕ್ಕ ಬೇಡಿದ್ನಿ ನಾ?"

ಮರುದಿನ ಕಲಿಸುವಾಕೆಗೆ ಎಲ್ಲವನ್ನೂ ಬರೆದು ಕಳಿಸಿದೆ. ಮೊದಲ ಸಾಲಿನಲ್ಲೇ ಬರೆದೆ: ಅಕ್ಕ ಬಿಟ್ಟು ಹೋಗಲಿಲ್ಲ, ಬಿಟ್ಟು ಹೋದವಳು ನಾನು.