ಯಮನಿಗೆ ಬೆನ್ನು ಹಾಕಿದ ಸೋಲಾರ್

ನಮ್ಮ ಬಿಸಿನೀರಿನ ಸೋಲಾರ್ ಕೂರಿಸಿದವನೂ ಊರಿನ ಪ್ಲಂಬರನೇ, ರಿಪೇರಿಗೆ ಬರುತ್ತಿದ್ದವನೂ ಅವನೇ. ಪೈಪಿಗೆ ಎರಡು ಸಲ ಬಡಿದು, ಕಿವಿಯಿಟ್ಟು, "ಏರ್ ಕಟ್ಟಿದ್ದು ಅಮ್ಮಾ" ಎನ್ನುತ್ತಿದ್ದ. ಎಲ್ಲ ರೋಗಕ್ಕೂ ಅದೇ ಮಾತು.

ಮೊಮ್ಮಗಳು ಹತ್ತು ದಿನದ ಬಾಣಂತಿ. ಅವಳ ಸ್ನಾನಕ್ಕೆ ಬರುತ್ತಿದ್ದದ್ದು ಉಗುರುಬೆಚ್ಚಗಿನ ನೀರು. ಮೂರನೇ ಸಲ ಅವನ ಹಿಂದೆ ನಾನೂ ಟೆರೇಸು ಹತ್ತಿದೆ. ಚಳಿಗಾಲದ ಬಿಸಿಲು ದಕ್ಷಿಣದಲ್ಲಿ, ಸೋಲಾರಿನ ಗಾಜು ಉತ್ತರಕ್ಕೆ.

"ಇದೆಂತ ಮಾರಾಯ?"

"ದಕ್ಷಿಣ ಯಮನ ದಿಕ್ಕಲ್ವಾ ಅಮ್ಮಾ, ಮನೆಗೆ ಆಗುದಿಲ್ಲ."

"ಯಮ ಬಂದರೆ ನಾನು ಮಾತಾಡ್ತೇನೆ. ನೀನು ತಿರುಗಿಸು."

ತಿರುಗಿಸಿದ. ಹೋಗುವಾಗ ಟ್ಯಾಂಕಿಗೊಂದು ನಿಂಬೆಹಣ್ಣು ಕಟ್ಟಿದ. ಮರುದಿನ ನೀರು ಕೈ ಸುಡುವಷ್ಟು ಕಾಯಿತು, ಬಾಣಂತಿ ಮೈತುಂಬ ಮಿಂದಳು. ಎಲ್ಲ ನಿಂಬೆಹಣ್ಣಿನ ಮಹಿಮೆಯೆಂದು ಅವನು ಗುರುವಾಯನಕೆರೆ ಪೇಟೆಯಿಡೀ ಹೇಳಿಕೊಂಡು ತಿರುಗಿದ.