ನೆಲ ಬಿಡದ ಕಾಲು

ರೈಲು ಹೊರಡಲು ಎರಡೇ ನಿಮಿಷ ಉಳಿದಿತ್ತು. ಗಂಡ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದ. "ಓಡೇ, ನಿನ್ನ ದಮ್ಮಯ್ಯ! ಇವತ್ತೊಂದಿನ ಓಡೇ!"

ಮೀಟರಕ್ಕ ಓಡಲಿಲ್ಲ. ಮೊಣಕಾಲು ಬಗ್ಗಿಸದೆ, ಸೊಂಟ ತಿರುವುತ್ತ, ಮೊಣಕೈಗಳನ್ನು ಹಿಂದಕ್ಕೆಳೆಯುತ್ತ ನಡೆದಳು. ನಡೆದೇ ಗಂಡನನ್ನು ಹಿಂದೆ ಹಾಕಿದಳು, ಪೆಟ್ಟಿಗೆ ಹೊತ್ತ ಕೂಲಿಯೊಬ್ಬನನ್ನೂ ಹಿಂದೆ ಹಾಕಿದಳು. ಬೋಗಿ ಹತ್ತಿ ನಿಂತು, ಏದುಸಿರು ಬಿಡುತ್ತ ಬಂದ ಗಂಡನಿಗೆ ಕೈ ಕೊಟ್ಟು ಮೇಲೆಳೆದುಕೊಂಡಳು. ಅವಳ ಉಸಿರಿನಲ್ಲಿ ಒಂದಿಷ್ಟೂ ಏರಿಳಿತವಿಲ್ಲ.

ಅವಳದು ನೀರು ಸರಬರಾಜು ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ನೋಡಿ ಬಿಲ್ ಕೊಡುವ ಕೆಲಸ. ಹಾಗಾಗಿ ಬಡಾವಣೆಯವರ ಬಾಯಲ್ಲಿ ಅವಳು ಮೀಟರಕ್ಕ. ಬೆಳಗ್ಗೆ ಎಂಟರಿಂದ ಸಂಜೆವರೆಗೆ ಓಣಿಗಳನ್ನು ಅಳೆಯುವುದು ಸಂಬಳಕ್ಕೆ. ಅದಕ್ಕೂ ಮೊದಲು ಹೊರವರ್ತುಲ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಹೋಗಿಬರುವುದು ವೇಗದ ನಡಿಗೆ ಸ್ಪರ್ಧೆಗೆ. ಇಪ್ಪತ್ತು ವರ್ಷದಿಂದ ಇದೇ ಬದುಕು. ಆ ಸ್ಪರ್ಧೆಯ ನಿಯಮ ಬಲು ಪೀಡೆಯದು. ಯಾವಾಗಲೂ ಒಂದಾದರೂ ಪಾದ ನೆಲದ ಮೇಲೆ ಇರಲೇಬೇಕು. ಎರಡೂ ಒಟ್ಟಿಗೆ ಮೇಲೆದ್ದರೆ ಅದು ಓಟ, ಅದು ಮೋಸ. ರಸ್ತೆಯುದ್ದಕ್ಕೂ ತೀರ್ಪುಗಾರರು ಹದ್ದಿನ ಕಣ್ಣಿಟ್ಟು ನಿಂತಿರುತ್ತಾರೆ. ಎಂಥೆಂಥವರೋ ಎಚ್ಚರಿಕೆ ತಿಂದು, ಕೆಂಪು ಚೀಟಿ ತಿಂದು, ಅಳುತ್ತ ಆಚೆ ಹೋಗಿದ್ದಾರೆ. ಮೀಟರಕ್ಕನಿಗೆ ಇಷ್ಟು ವರ್ಷದಲ್ಲಿ ಒಂದೇ ಒಂದು ಎಚ್ಚರಿಕೆ ಬಿದ್ದಿಲ್ಲ. ಕಾಲಿಗೆ ಓಟದ ರುಚಿ ಹತ್ತಬಾರದೆಂದು ಅವಳು ಬಸ್ಸಿಗೂ ಓಡುವವಳಲ್ಲ, ಮಳೆಗೂ ಓಡುವವಳಲ್ಲ. ಒಮ್ಮೆ ಬಿಲ್ ಕೊಡಲು ಹೋದ ಮನೆಯ ನಾಯಿ ಅಟ್ಟಿಸಿಕೊಂಡು ಬಂದಾಗಲೂ ನಡೆದೇ ತಪ್ಪಿಸಿಕೊಳ್ಳಲು ನೋಡಿದಳು. ಎಡಗಾಲಿನ ಮೀನಖಂಡದ ಮೇಲೆ ಅದರ ನಾಲ್ಕು ಹಲ್ಲಿನ ಗುರುತು ಇನ್ನೂ ಇದೆ.

ಈ ಹಟದ ಸುದ್ದಿ ಹೇಗೋ ಒಂದು ಶೂ ಕಂಪನಿಯ ಕಿವಿಗೆ ಬಿತ್ತು. ಮುಂದಿನ ರಾಷ್ಟ್ರೀಯ ನಡಿಗೆ ಕೂಟಕ್ಕೆ ಪ್ರಾಯೋಜಕರು ಅವರೇ. ಪ್ರಚಾರದ ವಿಡಿಯೊ ಮಾಡುತ್ತೇವೆ, ಬನ್ನಿ ಎಂದು ಫೋನು ಮಾಡಿದರು. ಅವಳು ಹೇಳಬೇಕಾದದ್ದು ಒಂದೇ ಸಾಲು: "ಇಪ್ಪತ್ತು ವರ್ಷ. ನನ್ನ ಕಾಲು ಒಮ್ಮೆಯೂ ನೆಲ ಬಿಟ್ಟಿಲ್ಲ." ಕನ್ನಡಿಯ ಮುಂದೆ ನಿಂತು ಅದನ್ನೆಷ್ಟು ಸಲ ಹೇಳಿಕೊಂಡಳೆಂದರೆ, ಬೇಕರಿಯಲ್ಲಿ ಕೆಲಸ ಮಾಡುವ ಗಂಡನಿಗೆ ಬ್ರೆಡ್ ಕತ್ತರಿಸುವಾಗಲೂ ಅದೇ ಸಾಲು ಬಾಯಿಗೆ ಬರತೊಡಗಿತು. ರೈಲಿನಲ್ಲಿ ಎದುರು ಸೀಟಿನ ಮುದುಕ ಎಲ್ಲಿಗೆ ಹೊರಟಿರಿ ಎಂದು ಕೇಳಿದ್ದೇ ತಡ, ಗಂಡ ಹೆಂಡತಿಯ ಪುರಾಣವನ್ನು ಇಡೀ ಬೋಗಿಗೆ ಕೇಳುವಂತೆ ಬಿಚ್ಚಿದ. ಮೀಟರಕ್ಕ ಬೇಡ ಎನ್ನಲಿಲ್ಲ. ಕೇಳಲು ಹಿತವಾಗಿತ್ತು, ಸುಳ್ಳೇಕೆ.

ಶೂಟಿಂಗ್ ಜಾಗವೆಂದರೆ ನಗರದಾಚೆಯ ಹಳೆಯ ಗೋದಾಮು. ಒಳಗೆ ನಲವತ್ತು ಮೀಟರ್ ಉದ್ದ ಹೊಸದಾಗಿ ಡಾಂಬರು ಹಾಕಿದ್ದರು. ಪಕ್ಕದಲ್ಲಿ ಕಂಬಿ, ಕಂಬಿಯ ಮೇಲೆ ಜಾರುವ ಗಾಡಿ, ಅದರಲ್ಲಿ ನೆಲಕ್ಕೆ ತಾಗಿದಂತೆ ಕೂರಿಸಿದ ಕ್ಯಾಮೆರಾ. ಅವಳ ಮುಖಕ್ಕೆ ಪುಡಿ ಬಳಿದರು, ಕಾಲಿಗೆ ಹೊಸ ಶೂ ತೊಡಿಸಿದರು.

"ಸುಮ್ನೆ ನಿಮ್ಮ ಪಾಡಿಗೆ ನಡೀರಿ ಮೇಡಂ. ಮಿಕ್ಕಿದ್ದು ಕ್ಯಾಮೆರಾ ನೋಡ್ಕೊಳ್ಳುತ್ತೆ," ಎಂದ ನಿರ್ದೇಶಕ.

ನಡೆದಳು. ಮೂರು ಸಲ ನಡೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಮೆರಾದವನು ಅವಳನ್ನು ಕರೆದು ಟಿವಿಯಂಥ ಪರದೆಯ ಮುಂದೆ ಕೂರಿಸಿದ. "ನೋಡಿ ಮೇಡಂ, ನಿಮ್ಮ ಒಂದು ಹೆಜ್ಜೆ ಇಲ್ಲಿ ಅರ್ಧ ನಿಮಿಷ ಬರುತ್ತೆ. ಕಣ್ಣಿಗೆ ಕಾಣದ್ದೆಲ್ಲ ಕಾಣುತ್ತೆ."

ಪರದೆಯಲ್ಲಿ ಹಿಂದಿನ ಕಾಲಿನ ಬೆರಳು ನಿಧಾನವಾಗಿ ಡಾಂಬರನ್ನು ಬಿಟ್ಟಿತು. ಮುಂದಿನ ಕಾಲಿನ ಹಿಮ್ಮಡಿ ಇಳಿಯುತ್ತಿತ್ತು. ಇಳಿಯುತ್ತಲೇ ಇತ್ತು. ಇನ್ನೂ ತಾಗಿರಲಿಲ್ಲ. ಎರಡೂ ಶೂಗಳ ಕೆಳಗೆ ಬೆಳಕು ಹಾದುಹೋಯಿತು. ನೆರಳು ಬೇರೆ, ಕಾಲು ಬೇರೆಯಾಗಿತ್ತು.

ಮೀಟರಕ್ಕ ಪರದೆಗೆ ಮುಖ ತಾಗುವಷ್ಟು ಬಾಗಿದಳು.

"ಇದು ನನ್ನ ಕಾಲಲ್ಲ."

ಕ್ಯಾಮೆರಾದವನು ನಕ್ಕ. ಮೀನಖಂಡದ ಮೇಲೆ ನಾಲ್ಕು ಹಲ್ಲಿನ ಗುರುತು ಪರದೆಯ ತುಂಬ ಹರಡಿಕೊಂಡಿತ್ತು. ಅವಳು ಎದ್ದು ಹೋಗಿ ಮತ್ತೆ ನಡೆದಳು. ವೇಗ ತಗ್ಗಿಸಿ ಇನ್ನೊಮ್ಮೆ ನಡೆದಳು. ಪ್ರತಿಸಲವೂ ಬಂದು ಪರದೆ ನೋಡಿದಳು. ಪ್ರತಿಸಲವೂ ಗಾಳಿ. ಕೂದಲೆಳೆಯಷ್ಟೇ ಇರಲಿ, ಅದು ಗಾಳಿಯೇ. ಇಪ್ಪತ್ತು ವರ್ಷ ತನ್ನದೆಂದುಕೊಂಡಿದ್ದ ಕಾಲು ತನಗೆ ಹೇಳದೆ ಕೇಳದೆ ಇಷ್ಟು ದಿನ ಹೀಗೆ ಮಾಡುತ್ತಿತ್ತೇ?

"ಅಯ್ಯೋ, ಗಾಬರಿಯಾಗ್ಬೇಡಿ," ಎಂದ ಕ್ಯಾಮೆರಾದವನು. "ಎಲ್ಲರದ್ದೂ ಹೀಗೇ. ದೊಡ್ಡದೊಡ್ಡ ಚಾಂಪಿಯನ್‌ಗಳದ್ದು ತೆಗ್ದಿದೀನಿ, ಅವರೂ ಹಾರ್ತಾರೆ. ಬರಿಗಣ್ಣಿಗೆ ಕಾಣಬಾರದು, ಅಷ್ಟೇ ತಾನೆ ನಿಮ್ಮ ರೂಲು?"

"ಆ ತುಣುಕು ಕತ್ತರಿಸಿಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ," ಎಂದ ನಿರ್ದೇಶಕ. "ಬನ್ನಿ, ಆ ಸಾಲು ಹೇಳಿಬಿಡಿ."

ಲೈಟಿನ ಮುಂದೆ ನಿಲ್ಲಿಸಿದರು. "ಇಪ್ಪತ್ತು ವರ್ಷ," ಎಂದಳು. ಮತ್ತೊಮ್ಮೆ "ಇಪ್ಪತ್ತು ವರ್ಷ" ಎಂದು ಅಲ್ಲಿಗೇ ನಿಲ್ಲಿಸಿದಳು. ಮೂಲೆಯಲ್ಲಿದ್ದ ಗಂಡನ ಕಡೆ ನೋಡಿದರೆ ಅವನ ಮುಖ ಬಿಳಿಚಿಕೊಂಡಿತ್ತು. ಇಬ್ಬರ ತಲೆಯಲ್ಲೂ ಒಬ್ಬಳೇ ಇದ್ದಳು.

ಮೀಟರಕ್ಕನ ಚಿಕ್ಕಮ್ಮನ ಮಗಳು, ವಯಸ್ಸಿನಲ್ಲಿ ಆರು ವರ್ಷ ಕಿರಿಯಳು. ಅವಳ ಸೊಂಟ ಹಿಡಿದು ತಿರುಗಿಸಿ ನಡಿಗೆ ಕಲಿಸಿದವಳು ಮೀಟರಕ್ಕನೇ. ಎಂಟು ವರ್ಷದ ಹಿಂದೆ ಆಯ್ಕೆಯ ಸ್ಪರ್ಧೆಯಲ್ಲಿ ಆ ತಂಗಿ ಅಕ್ಕನನ್ನೇ ಹನ್ನೊಂದು ಹೆಜ್ಜೆಯಿಂದ ಸೋಲಿಸಿದಳು. ರಸ್ತೆಬದಿ ನಿಂತು ಫೋನಿನಲ್ಲಿ ವಿಡಿಯೊ ತೆಗೆದವನು ಈ ಗಂಡ. ಮನೆಗೆ ಬಂದು ಅದನ್ನು ನಿಧಾನ ಮಾಡಿ ನೋಡಿದರೆ, ತಂಗಿಯ ಎರಡೂ ಕಾಲು ನೆಲ ಬಿಟ್ಟಿದ್ದವು. ಮೀಟರಕ್ಕ ಅದನ್ನು ಕ್ರೀಡಾ ಸಂಘಕ್ಕೆ ಕಳಿಸಿದಳು. ಅಷ್ಟಕ್ಕೇ ನಿಲ್ಲಿಸದೆ ನೆಂಟರಿಷ್ಟರ ಫೋನಿಗೆಲ್ಲ ಹಂಚಿದಳು. ತೀರ್ಪುಗಾರರು ಕಣ್ಣಾರೆ ಕಂಡಿಲ್ಲವೆಂದು ಸಂಘದವರು ಪದಕವನ್ನೇನೋ ಕಿತ್ತುಕೊಳ್ಳಲಿಲ್ಲ. ಆದರೆ ಜನರ ಬಾಯಿ ಮುಚ್ಚುವವರು ಯಾರು? ಹುಡುಗಿಗೆ 'ಹಾರುಕಾಲಿ' ಎಂಬ ಹೆಸರು ಅಂಟಿತು. ಅಭ್ಯಾಸಕ್ಕೆ ಬಂದರೆ ಹಿಂದಿನಿಂದ ಯಾರಾದರೂ ಹಕ್ಕಿಯ ಹಾಗೆ ಕೂಗುತ್ತಿದ್ದರು. ನಾಲ್ಕೇ ತಿಂಗಳಲ್ಲಿ ಅವಳು ಶೂ ಬಿಚ್ಚಿಟ್ಟಳು. ಈಗ ಬಸ್ ಡಿಪೊದಲ್ಲಿ ಕೂತು ಪಾಸ್ ಬರೆಯುತ್ತಾಳೆ. ಅಕ್ಕತಂಗಿ ಮಾತು ಬಿಟ್ಟು ಎಂಟು ವರ್ಷ. ಇಷ್ಟು ದಿನ ಮೀಟರಕ್ಕನಿಗೆ ಅದರ ಬಗ್ಗೆ ಒಂದು ಹನಿ ಪಶ್ಚಾತ್ತಾಪವಿರಲಿಲ್ಲ. ಸತ್ಯ ತನ್ನ ಕಡೆಗಿದೆ ಎಂದುಕೊಂಡವರಿಗೆ ಅಂಥ ತೊಂದರೆಯೇ ಇರುವುದಿಲ್ಲವಲ್ಲ!

"ಐದು ನಿಮಿಷ," ಎಂದು ಹೇಳಿ ಅವಳು ಗೋದಾಮಿನ ಹಿಂದೆ ಜನರೇಟರ್ ಗಾಡಿಯ ಮರೆಗೆ ಹೋದಳು. ಗಂಡ ದೂರದಲ್ಲೇ ನಿಂತ. ತಂಗಿಗೆ ಮಾಡಿದ ಫೋನು ನಾಲ್ಕು ಸಲ ರಿಂಗಾಯಿತು.

"ಹೇಳು," ಎಂದಿತು ಆ ಕಡೆಯ ಧ್ವನಿ. ಯಾರೆಂದು ಕೇಳಲಿಲ್ಲ.

"ನಾನು ಕಣೇ. ಇಲ್ಲಿ ನನ್ನ ಕಾಲಿನ ವಿಡಿಯೊ ತೆಗೆದ್ರು. ದೊಡ್ಡ ಕ್ಯಾಮೆರಾದಲ್ಲಿ." ಅವಳು ತನ್ನ ಹೊಸ ಶೂಗಳನ್ನು ನೋಡಿಕೊಂಡಳು. "ನನ್ನ ಕಾಲೂ ಏಳುತ್ತೆ ಕಣೇ. ಎರಡೂ."

ಆ ಕಡೆ ಯಾರೋ ಪಾಸಿಗೆ ಫೋಟೊ ಎಷ್ಟು ಬೇಕು ಎಂದು ಕೇಳುತ್ತಿದ್ದರು. ತಂಗಿ ಅವರಿಗೆ "ಎರಡು" ಎಂದು ಹೇಳಿ, ಫೋನಿಗೆ ಬಂದಳು.

"ಗೊತ್ತು."

"ಏನ್ ಗೊತ್ತು?"

"ನೀನು ಎಲ್ಲರಿಗೂ ಹಂಚಿದ ಆ ವಿಡಿಯೊ ನನಗೂ ಬಂದಿತ್ತಲ್ಲಕ್ಕ. ನೂರು ಸಲ ನೋಡಿದೀನಿ. ತಿರುವಿನ ಹತ್ರ ನನ್ನ ಬೆನ್ನ ಹಿಂದೇನೇ ನೀನಿದ್ದೆ. ನಿನ್ನ ಕಾಲೂ ಮೇಲಿತ್ತು. ನೀನು ನನ್ನ ಕಾಲನ್ನ ಮಾತ್ರ ನೋಡಿದೆ."

ಎಂಟು ವರ್ಷ ಮೀಟರಕ್ಕನದೇ ಫೋನಿನಲ್ಲಿದ್ದ ವಿಡಿಯೊ ಅದು. ಅದರಲ್ಲಿ ತಾನೂ ಇದ್ದೇನೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ? ಒಂದ್ ಮಾತು ಹೇಳಿದ್ರೆ ನಾನು ಬಾಯಿ ಮುಚ್ಕೊಂಡು ಇರ್ತಿದ್ದೆನಲ್ಲೇ!"

"ಹೇಳಿದ್ರೆ ನೀನೂ ನಡೆಯೋದು ಬಿಡ್ತಿದ್ದೆ. ನಿನ್ನ ಹಟ ನನಗೆ ಗೊತ್ತಿಲ್ವಾ? ಇಬ್ಬರೂ ಮನೇಲಿ ಕೂತು ಏನ್ ಮಾಡೋದು, ಒಬ್ಬಳಾದ್ರೂ ನಡೀಲಿ ಅಂತ ಸುಮ್ಮನಾದೆ." ತಂಗಿ ಪಾಸೊಂದಕ್ಕೆ ಮೊಹರು ಒತ್ತಿದ ಸದ್ದು ಕೇಳಿತು. "ಇಲ್ಲಿ ಲೈನು ಬೆಳೀತಿದೆ, ಆಮೇಲೆ ಮಾಡು," ಎಂದು ಇಟ್ಟಳು.

ಮೀಟರಕ್ಕ ಅತ್ತಳು. ಮುಖದ ಪುಡಿ ತೊಳೆದುಹೋಗುವ ಹಾಗೆ ಅತ್ತಳು. ಗಂಡ ಕರವಸ್ತ್ರ ಚಾಚಿದ. ಅದನ್ನು ತೆಗೆದುಕೊಳ್ಳದೆ, ನೆಟ್ಟಗೆ ಒಳಗೆ ಹೋಗಿ ಲೈಟಿನ ಮುಂದೆ ನಿಂತಳು.

"ರೆಡಿನಾ ಮೇಡಂ?"

"ರೆಡಿ."

ಕ್ಯಾಮೆರಾ ಶುರುವಾಯಿತು.

"ಎಂಟು ವರ್ಷದ ಹಿಂದೆ ನನ್ನ ತಂಗಿ ನನ್ನನ್ನ ಹನ್ನೊಂದು ಹೆಜ್ಜೆಯಿಂದ ಸೋಲಿಸಿದ್ಲು. ಅವಳು ಓಡಿದ್ಲು, ಮೋಸ ಮಾಡಿದ್ಲು ಅಂತ ನಾನು ಊರಿಗೆಲ್ಲ ಸಾರಿದೆ. ಅವಳು ಓಡಿರಲಿಲ್ಲ. ನಾನು ಹೇಗೆ ನಡೀತೀನೋ ಹಾಗೇ ನಡೆದಿದ್ಲು. ನನಗಿಂತ ಚೆನ್ನಾಗಿ ನಡೆದಿದ್ಲು."

"ಕಟ್, ಕಟ್!" ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಎದ್ದು ನಿಂತ. "ಏನ್ ಮೇಡಂ ಇದು? ಶೂ ಜಾಹೀರಾತು ಇದು! ಇದನ್ನ ನಾವು ಎಲ್ಲಿ ಹಾಕೋಣ?"

"ನೀವು ಎಲ್ಲೂ ಹಾಕ್ಬೇಡಿ, ನನಗೆ ಕೊಡಿ. ಯಾರ್ಯಾರಿಗೆ ಕಳಿಸ್ಬೇಕು ಅಂತ ನನಗೆ ಗೊತ್ತಿದೆ," ಎಂದಳು ಮೀಟರಕ್ಕ. "ಧ್ವನಿ ಸರಿಯಾಗಿ ಬಂತಾ ನೋಡಿ. ಇಲ್ಲಾಂದ್ರೆ ಇನ್ನೊಂದ್ಸಲ ಹೇಳ್ತೀನಿ."