ಗೌನಿನ ಅಂಚಿನ ಸೀಸ

ನದಿಯಾಚೆಯ ಬೆಂಗ್ರೆಗೆ ಹೋಗುವ ದೋಣಿಯಲ್ಲಿ ನನ್ನ ಎದುರು ಕೂತಿದ್ದ ಹೆಂಗಸು ಹೊಸ ಬಿಳಿ ಗೌನೊಂದರ ಅಂಚಿನ ಹೊಲಿಗೆ ಬಿಚ್ಚುತ್ತಿದ್ದರು. ಒಳಗಿಂದ ಬಲೆಗೆ ಕಟ್ಟುವ ಸೀಸದ ಗುಂಡುಗಳು ಒಂದೊಂದಾಗಿ ಅವರ ಮಡಿಲಿಗೆ ಬೀಳುತ್ತಿದ್ದವು. ಸುಮ್ಮನಿರಲಾರದೆ ಕೇಳಿದೆ.

"ದೀಕ್ಷಾಸ್ನಾನದ ಗೌನು. ನೀರಿಗಿಳಿದಾಗ ಬಟ್ಟೆ ತೇಲಬಾರದು ಅಂತ ಲಿಲ್ಲಿಬಾಯಿಯೇ ಗುಂಡು ಇಟ್ಟು ಹೊಲಿದದ್ದು."

ಲಿಲ್ಲಿಬಾಯಿ ಬೆಂಗ್ರೆಯಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಮುದುಕಿಯಂತೆ. ಈಕೆ ಅವರ ಪೆಂಟೆಕೋಸ್ಟಲ್ ಕ್ರೈಸ್ತ ಸಭೆಯ ಸಿಸ್ಟರ್. ಬೈಬಲ್ ಪ್ರಸಂಗ ಮಾಡಬಹುದಿತ್ತು, ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಹಾಗಿರಲಿಲ್ಲ. ಅದು ಗಂಡಸು ಪಾಸ್ಟರರ ಕೆಲಸ.

"'ನನಗೆ ಪ್ರಾರ್ಥನೆ ಕಲಿಸಿದ್ದು ನೀನು, ಮುಳುಗಿಸುವುದೂ ನೀನೇ' ಅಂತ ಲಿಲ್ಲಿಬಾಯಿಯ ಹಠ. ಮೂರು ವರ್ಷ ಕಾದ್ರು."

"ಈಗ ನಿಮಗೆ ಅಧಿಕಾರ ಉಂಟಾ?"

"ಉಂಟು. ಹೋದ ಭಾನುವಾರ ಸಭೆಯ ಹಿರಿಯರು ನನ್ನ ತಲೆ ಮೇಲೆ ಕೈ ಇಟ್ಟು ಪಾಸ್ಟರ್ ಮಾಡಿದ್ರು. ಬರುವ ಭಾನುವಾರ ಲಿಲ್ಲಿಬಾಯಿಯದ್ದೇ ಮೊದಲ ಸ್ನಾನ ಅಂತ ಇತ್ತು. ನಿನ್ನೆ ತೀರಿಕೊಂಡ್ರು."

ದೋಣಿ ಆಚೆ ದಡಕ್ಕೆ ತಾಗಿತು. ಗೌನನ್ನು ಅವರಿಗೇ ತೊಡಿಸುತ್ತೀರಾ ಎಂದೆ.

"ಹೌದು." ಹಲ್ಲಿನಿಂದ ನೂಲು ಕಡಿದು ಕೊನೆಯ ಗುಂಡನ್ನು ತೆಗೆದರು. "ಮಣ್ಣಲ್ಲಿ ಬಟ್ಟೆ ತೇಲುವುದಿಲ್ಲ ಅಲ್ವಾ."